ಮಳೆಯ ದಿನಕ್ಕೊಂದು ಕಾಗದದ ಮನೆ

ನಮ್ಮ ತೈಪಿಂಗಿನಲ್ಲಿ ಮಳೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಎಂದಷ್ಟೇ ಕೇಳುತ್ತಾರೆ. ಹಿಂದೆಲ್ಲ ದೊಡ್ಡವರು ಕಾಫಿ ಅಂಗಡಿಯಲ್ಲಿ ಕೂತು ಮೊದಲ ಹನಿ ಬೀಳುವ ಗಳಿಗೆಗೆ ಬಾಜಿ ಕಟ್ಟುತ್ತಿದ್ದರಂತೆ. ಹಾಗೆ ಸೈಕಲ್ಲು ಸೋತವರ ಮೊಮ್ಮಕ್ಕಳು ನಮ್ಮ ಬೀದಿಯಲ್ಲಿ ಈಗಲೂ ನಡೆದುಕೊಂಡೇ ಓಡಾಡುತ್ತಾರೆ. ಇಂಥ ಊರಿನಲ್ಲೇ ಹುಟ್ಟಿ, ಇಂಥ ಊರಿನಲ್ಲೇ ತಲೆ ಬೋಳಾದ ಮನುಷ್ಯನೊಬ್ಬ "ಅಯ್ಯೋ, ಮಳೆ ಬಂತಲ್ಲ!" ಎಂದು ಗಾಬರಿಯಾದರೆ ಅವನು ನನ್ನ ಪಕ್ಕದ ಮನೆಯ ಬೂನ್ ತೀಕ್ ಅಲ್ಲದೆ ಬೇರೆ ಯಾರೂ ಆಗಿರಲಾರ.

ಬೂನ್ ತೀಕ್ ಸ್ಕೂಲ್ ಬಸ್ ಓಡಿಸಿ ನಿವೃತ್ತನಾದವನು. ಊರಿನ ಅರ್ಧ ಜನರನ್ನು ಅವರ ಮೂಗು ಸೋರುವ ವಯಸ್ಸಿನಲ್ಲಿ ಶಾಲೆಗೆ ಸಾಗಿಸಿದವನು. "ಒಂದೇ ಒಂದು ಮಗು ಕಳೆದಿಲ್ಲ ನಾನು!" ಎನ್ನುವುದು ಅವನ ಬಾಳಿನ ಸಾರಾಂಶ. ಬಸ್ಸಿಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು ಎಂದು ನಾನು ಒಮ್ಮೆ ನೆನಪಿಸಿದ್ದಕ್ಕೆ ವಾರಗಟ್ಟಲೆ ನನ್ನ ಅಂಗಡಿಯ ಸೋಯಾ ಹಾಲು ಮುಟ್ಟಲಿಲ್ಲ. ನನ್ನ ಅಂಗಡಿ ಅವನ ಮನೆಯ ಜಗುಲಿಗೆ ಅಂಟಿಕೊಂಡೇ ಇದೆ. ಅವನ ಮನೆಯಲ್ಲಿ ಚಮಚ ಬಿದ್ದರೂ ನನಗೆ ಕೇಳುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಸುಳ್ಳು ಕಡಿಮೆ.

ಅವನಿಗೆ ಒಬ್ಬಳೇ ಮಗಳು, ಪೇ ಸಾನ್. ಕೈಗವಸು ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಗಂಡ ಸಿಂಗಾಪುರದಲ್ಲಿ. ಒಂದೂವರೆ ವರ್ಷದ ಕೂಸು ಯಾನ್‌ಯಾನ್‌ಳನ್ನು ಬೂನ್ ತೀಕನ ಹೆಂಡತಿ ಗೈಕ್ ಲಾನ್ ನೋಡಿಕೊಳ್ಳುತ್ತಿದ್ದಳು. ಆದರೆ ಗೈಕ್ ಲಾನಳ ಮಂಡಿ ಈ ವರ್ಷ ಮುಷ್ಕರ ಹೂಡಿತ್ತು. ಅತ್ತ ಮುವಾರಿನಲ್ಲಿದ್ದ ಬೀಗಿತ್ತಿ "ಮಗೂನ ನನ್ನ ಹತ್ರ ಬಿಡಿ, ನಾನಿಲ್ವಾ?" ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಮುವಾರ್ ಎಂದರೆ ದೇಶದ ಆ ತುದಿ. ಅಲ್ಲಿಗೆ ಹೋದ ಮಗು ಹೊಸ ವರ್ಷಕ್ಕೊಮ್ಮೆ ಬಂದು "ಇವರು ಯಾರು?" ಎಂದು ಅಜ್ಜನನ್ನೇ ಕೇಳುತ್ತದೆ. ಬೂನ್ ತೀಕ್ ಊಟ ಬಿಟ್ಟ. ಅಂದರೆ ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟ.

ಪೇ ಸಾನ್ ಕೊನೆಗೆ ತೀರ್ಪು ಕೊಟ್ಟಳು. "ಪಾ, ಈ ಗುರುವಾರ ಒಂದಿನ ನೀನೊಬ್ನೇ ನೋಡ್ಕೋ. ಸರಿಹೋದ್ರೆ ವಾರದಲ್ಲಿ ಅರ್ಧ ದಿನ ನಿಂದು, ಇನ್ನರ್ಧ ಅಮ್ಮಂದು. ಇಲ್ಲಾಂದ್ರೆ ಶನಿವಾರ ಅತ್ತೆ ಬಂದು ಕರ್ಕೊಂಡು ಹೋಗ್ತಾರೆ. ನಂಗೂ ಇಷ್ಟ ಇಲ್ಲ ಪಾ. ಆದ್ರೆ ಅಮ್ಮನ ಮಂಡಿ ನೋಡು."

"ಒಂದೇ ಒಂದು ಮಗು ಕಳೆದಿಲ್ಲ ನಾನು," ಎಂದ ಬೂನ್ ತೀಕ್.

ಗುರುವಾರವೇ ಯಾಕೆಂದರೆ, ಅಂದು ಗೈಕ್ ಲಾನ್ ಮನೆಯಲ್ಲಿರುವಂತಿರಲಿಲ್ಲ. ಕಾಫಿಪುಡಿ ವ್ಯಾಪಾರದ ಊಯಿ ಮನೆತನದ ಹಿರಿಯಜ್ಜಿ ತೊಂಬತ್ತು ದಾಟಿ ತೀರಿಹೋಗಿದ್ದಳು. ಸಾವಿನ ಮನೆಯಲ್ಲಿ ಕೂತು, ಸತ್ತವರಿಗಾಗಿ ಸುಡುವ ಬಂಗಾರದ ಬಣ್ಣದ ಕಾಗದ ಮಡಿಚಿಕೊಡುವುದು ಬೀದಿಯ ಹೆಂಗಸರ ಧರ್ಮ. ಆ ಧರ್ಮಕ್ಕೆ ಗೈಕ್ ಲಾನ್ ಅಘೋಷಿತ ಅಧ್ಯಕ್ಷೆ. ಮಡಿ ಮೈಲಿಗೆ ಶಕುನಗಳಲ್ಲಿ ದೇವಸ್ಥಾನದ ಪುರೋಹಿತನೇ ಅವಳನ್ನು ಕೇಳಿ ಮುಂದುವರಿಯುತ್ತಾನೆ.

"ನೋಡು ಮುದುಕಾ," ಎಂದಳು ಬೆಳಿಗ್ಗೆ ಹೊರಡುವಾಗ. "ಎರಡು ತುಂಬದ ಕೂಸು ಸಾವಿನ ಹೊಗೆ ಕುಡೀಬಾರ್ದು. ಸಾವಿನ ಮನೆ ಇರೋ ರಸ್ತೆಗೂ ಹೋಗ್ಬೇಡ. ಆ ಕಡೆ ಮುಖ ಮಾಡಿ ಸೀನಲೂ ಬೇಡ."

"ನಾನೇನು ಹುಚ್ಚನಾ?"

"ಅದನ್ನ ಸಂಜೆ ಹೇಳ್ತೀನಿ."

ಆಟದ ಮೈದಾನ, ಕೆರೆಯ ತೋಟ, ಬಾತುಕೋಳಿಗೆ ಬ್ರೆಡ್ಡು ಎಂದು ಬೂನ್ ತೀಕ್ ದೊಡ್ಡ ಯೋಜನೆ ಹಾಕಿಕೊಂಡಿದ್ದ. ಒಂಬತ್ತು ಗಂಟೆಗೆ ಮಳೆ ಹಿಡಿಯಿತು. ಹತ್ತಕ್ಕೆ ಬಿಡಲಿಲ್ಲ. ಮನೆಯೊಳಗೆ ಯಾನ್‌ಯಾನ್ ಅಕ್ಕಿ ಡಬ್ಬ ಖಾಲಿ ಮಾಡಿ, ಚಪ್ಪಲಿಗಳನ್ನು ಅದರೊಳಗೆ ತುಂಬಿ, ಟಿವಿಯ ಹಿಂದಿನ ವೈರಿಗೆ ಕೈ ಹಾಕಿದ್ದಳು. ಅಜ್ಜ ಅವಳನ್ನು ಬಗಲಿಗೇರಿಸಿ ಕೊಡೆ ಬಿಚ್ಚಿದ.

ಮೊದಲು ಶಾಪಿಂಗ್ ಮಾಲಿಗೆ ಹೋದ. ಅಲ್ಲಿ ಮೂರನೆಯ ಮಹಡಿಯಲ್ಲಿ ಮಕ್ಕಳ ಆಟದ ಕೋಣೆಯಿದೆ; ಬಣ್ಣದ ಚೆಂಡುಗಳ ಕೊಳ, ಜಾರುಬಂಡೆ, ಎಲ್ಲ ಉಂಟು. ಬಾಗಿಲಲ್ಲಿ ಕೂತಿದ್ದ ಹುಡುಗಿ ಅವನ ಕಾಲು ನೋಡಿದಳು.

"ಅಂಕಲ್, ಸಾಕ್ಸ್ ಎಲ್ಲಿ?"

"ಮಗೂಗಾ?"

"ಇಬ್ಬರಿಗೂ. ಅಡಿಯಲ್ಲಿ ರಬ್ಬರ್ ಚುಕ್ಕೆ ಇರೋದು. ಇಲ್ಲಾಂದ್ರೆ ಬಿಡಲ್ಲ. ಇಲ್ಲೇ ಮಾರ್ತೀವಿ."

"ಚೆಂಡಾಟ ಆಡೋಳು ಇವಳು ಕಣಮ್ಮ. ನಾನು ಸುಮ್ನೆ ಕೂರೋನು."

"ಕೂರೋಕೂ ಸಾಕ್ಸ್ ಬೇಕು ಅಂಕಲ್."

ಹುಟ್ಟಿದಂದಿನಿಂದ ಕಾಲುಚೀಲ ಹಾಕದ ಪಾದ ಅವನದು. ಮದುವೆಯಲ್ಲೂ ಹಾಕಿರಲಿಲ್ಲ. ಕೂರುವುದಕ್ಕೆ ಕಾಲುಚೀಲ ಕೇಳುವ ಲೋಕದಲ್ಲಿ ತನಗೆ ಜಾಗವಿಲ್ಲ ಎಂದು ಘೋಷಿಸಿ, ಸ್ವಾಭಿಮಾನವನ್ನೂ ಮಗುವನ್ನೂ ಎತ್ತಿಕೊಂಡು ಕೆಳಗಿಳಿದ. ಕೆಳಗಿನ ದಿನಸಿ ಅಂಗಡಿಯಲ್ಲಿ ಜೀವಂತ ಮೀನುಗಳ ತೊಟ್ಟಿಯಿತ್ತು. ಯಾನ್‌ಯಾನ್‌ಗೆ ಖುಷಿಯೋ ಖುಷಿ. ಗಾಜಿಗೆ ಮೂಗು ಒತ್ತಿ ಒಂದು ದೊಡ್ಡ ಮೀನಿಗೆ ಕೈ ಬೀಸಿದಳು. ಮೀನಿನವನು ಗಿರಾಕಿಯ ಆಯ್ಕೆ ಎಂದು ತಿಳಿದು ಅದೇ ಮೀನನ್ನು ಬಲೆಯಲ್ಲಿ ಎತ್ತಿ "ಕತ್ತರಿಸ್ಲಾ, ಇಡಿಯಾಗಿ ಬೇಕಾ?" ಎಂದ. ಮಗುವಿನ ಕಿರುಚಾಟಕ್ಕೆ ಕಾವಲುಗಾರ ಓಡಿಬಂದ. ಮೀನು ವಾಪಸ್ ನೀರಿಗೆ ಹೋಯಿತು, ಅಜ್ಜ ಮೊಮ್ಮಗಳು ವಾಪಸ್ ಮಳೆಗೆ ಬಂದರು.

ಹೀಗೆ ಜಗುಲಿಯಿಂದ ಜಗುಲಿಗೆ ನುಸುಳುತ್ತ ಬರುವಾಗ ಸಿಕ್ಕಿದ್ದು ಆ ಹಾಕ್ ಎಂಬವನ ಅಂಗಡಿ; 'ಆ' ಎನ್ನುವುದೂ ಅವನ ಹೆಸರೇ. ಆ ಹಾಕ್ ಬೂನ್ ತೀಕನ ಚದುರಂಗದ ಜೊತೆಗಾರ. ಅವನ ಕಸುಬು ಸತ್ತವರಿಗೆ ಕಾಗದದ ಸಾಮಾನು ಮಾಡುವುದು. ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸಿ ಮನೆ, ಕಾರು, ಟಿವಿ, ಕೆಲಸದ ಹೆಂಗಸರು, ಏನು ಕೇಳಿದರೂ ಮಾಡಿಕೊಡುತ್ತಾನೆ. ಅವನ್ನು ಸುಟ್ಟರೆ ಸತ್ತವರಿಗೆ ಅಲ್ಲಿ ಸಿಗುತ್ತದೆ. ಇಲ್ಲಿ ಬಾಡಿಗೆ ಮನೆಯಲ್ಲಿ ಸೋರುವ ಸೂರಿನ ಕೆಳಗೆ ಬದುಕಿದವರೆಲ್ಲ ಅಲ್ಲಿ ಬಂಗಲೆಯಲ್ಲಿದ್ದಾರೆ, ಆ ಹಾಕನ ಕೃಪೆಯಿಂದ.

ಅಂಗಡಿಯ ನಡುವೆ ಮೂರಂತಸ್ತಿನ ಮನೆಯೊಂದು ತಯಾರಾಗಿ ನಿಂತಿತ್ತು. ಆಳೆತ್ತರ. ಗುಲಾಬಿ ಗೋಡೆ, ಹಸಿರು ಸೂರು, ಕಿಟಕಿಗೆ ಎಣ್ಣೆಕಾಗದದ ಗಾಜು, ತೆರೆದು ಮುಚ್ಚುವ ಬಾಗಿಲು, ಬಾಗಿಲಲ್ಲೊಂದು ಕಾಗದದ ನಾಯಿ. ಯಾನ್‌ಯಾನ್ ಬಾಯಿ ತೆರೆದವಳು ಮುಚ್ಚಲಿಲ್ಲ. ಊರಿನ ಮಾಲುಗಳೆಲ್ಲ ಸೇರಿ ಕೊಡಲಾರದ್ದನ್ನು ಈ ಮುದುಕನ ಅಂಗಡಿ ಕೊಟ್ಟಿತ್ತು, ಅದೂ ಕಾಲುಚೀಲ ಕೇಳದೆ.

"ಗೈಕ್ ಲಾನ್‌ಗೆ ಗೊತ್ತಾದ್ರೆ?" ಎಂದ ಆ ಹಾಕ್.

"ಇದೇನು ಸಾವಿನ ಮನೆಯಾ? ಅಂಗಡಿ. ಪುರೋಹಿತ ಬಂದು ಮಂತ್ರ ಹಾಕೋ ತನಕ ಕಾಗದ ಬರೀ ಕಾಗದ."

"ಅದೂ ಸರಿ ಅನ್ನು. ಹಲಗೆ ಹಾಕ್ಲಾ?"

ಆಟ ಶುರುವಾಯಿತು. ಯಾನ್‌ಯಾನ್ ನಾಯಿಯನ್ನು ತಬ್ಬಿಕೊಂಡು ತಿರುಗಿದಳು, ಬಾಗಿಲು ತೆರೆದಳು, ಮುಚ್ಚಿದಳು, ಕಿಟಕಿಯ ಎಣ್ಣೆಕಾಗದಕ್ಕೆ ಬೆರಳು ತೂರಿಸಿದಳು. ಮಧ್ಯಾಹ್ನಕ್ಕೆ ಕಣ್ಣು ಕೂರತೊಡಗಿದಾಗ ಅಜ್ಜ ಅವಳನ್ನು ಮೂಲೆಯ ಚಾಪೆಯ ಮೇಲೆ ಮಲಗಿಸಿ ತಟ್ಟಿದ. ಆ ಚಾಪೆಯ ಇನ್ನೊಂದು ಬದಿಗೆ ಮಗುವಿನಷ್ಟೇ ಎತ್ತರದ ಎರಡು ದಾಸಿ ಗೊಂಬೆಗಳು ಅಂಟು ಒಣಗಲೆಂದು ಮಲಗಿದ್ದವು. ಅಷ್ಟರಲ್ಲಿ ಗುಡುಗು, ಕರೆಂಟು ಹೋಯಿತು. ಬೂನ್ ತೀಕ್ ಮಬ್ಬಿನಲ್ಲಿ ತಡವಿ, ಕಪ್ಪು ಕೂದಲಿನ ಒಂದು ಪುಟ್ಟ ತಲೆ ಕಂಡು, ಅದರ ಕುತ್ತಿಗೆವರೆಗೂ ತನ್ನ ಜಾಕೆಟ್ಟು ಹೊದಿಸಿ, ಬೀಸಣಿಗೆ ಹಿಡಿದು ಕೂತ.

ಆ ಹೊತ್ತಿಗೆ ನಾನು ಸೋಯಾ ಹಾಲಿನ ಪಾತ್ರೆ ಕೊಡಲು ವ್ಯಾನಿನಲ್ಲಿ ಅಲ್ಲಿಗೆ ಹೋದೆ.

"ಶ್!" ಎಂದ ಬೂನ್ ತೀಕ್. "ಮಗು ಮಲಗಿದೆ."

ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಒಂದು ಕೈಯಲ್ಲಿ ಕಾಯಿ ನಡೆಸುತ್ತ, ಇನ್ನೊಂದು ಕೈಯಲ್ಲಿ ಬೀಸುತ್ತ ಅವನು ಕೂತಿದ್ದ ಠೀವಿ ನೋಡಬೇಕಿತ್ತು. ನೊಣ ಓಡಿಸಿದ. ಸೊಳ್ಳೆ ಹೊಡೆದ. "ನೋಡು, ಎಷ್ಟು ಗಾಢ ನಿದ್ದೆ. ಒಂಚೂರೂ ಅಲುಗಾಡ್ತಿಲ್ಲ. ಗೈಕ್ ಲಾನ್ ಮಲಗಿಸಿದ್ರೆ ಹತ್ತು ಸಲ ಏಳುತ್ತೆ," ಎಂದು ಪಿಸುಗುಟ್ಟಿದ. ಲಾರಿಯ ಸೆಲ್ವಂ ತನ್ನ ಆಳಿನ ಜೊತೆ ಆ ಮನೆ ಒಯ್ಯಲು ಬಂದ. ಬೂನ್ ತೀಕ್ ಅವರಿಬ್ಬರನ್ನೂ ತುದಿಗಾಲಲ್ಲಿ ನಡೆಸಿದ.

"ತೌಕೆ, ಈ ಮನೆ ಏನು ಇಷ್ಟು ಭಾರ?" ಎಂದು ಸೆಲ್ವಂ ಯಜಮಾನನನ್ನು ಕೇಳಿದ, ಪಿಸುಮಾತಿನಲ್ಲೇ.

ಆ ಹಾಕ್ ಎದೆಯುಬ್ಬಿಸಿದ. "ಬೇರೆಯವರ ಹಾಗೆ ಹೊರಗೆ ಥಳಕು, ಒಳಗೆ ಹುಳುಕು ಅಲ್ಲಪ್ಪ ನಂದು. ಒಳಗೆ ಮಂಚ, ಬೀರು, ಬಟ್ಟೆ ಒಗೆಯೋ ಮಿಷನ್ನು, ಎಲ್ಲ ಉಂಟು. ಜೋಪಾನ."

ಮನೆ ಲಾರಿ ಹತ್ತಿತು, ಟಾರ್ಪಾಲು ಹೊದೆಯಿತು, ಹೊರಟಿತು. ಕರೆಂಟು ಬಂತು. ಆ ಹಾಕ್ ಹಲಗೆಯ ಮೇಲಿಂದ ತಲೆಯೆತ್ತಿ ಚಾಪೆಯ ಕಡೆ ನೋಡಿದ.

"ಅಯ್ಯೋ, ದಾಸಿಯರನ್ನ ಕಳಿಸೋದೇ ಮರೆತೆ. ಒಬ್ಬಳು ಅಲ್ಲಿದಾಳೆ. ಇನ್ನೊಬ್ಬಳು ಎಲ್ಲಿ?"

ಮೂವರೂ ಜಾಕೆಟ್ಟಿನ ಕಡೆ ನೋಡಿದೆವು. ಆ ಹಾಕ್ ಅದನ್ನು ಮೆಲ್ಲಗೆ ಎತ್ತಿದ. ಕೆಂಪು ಕೆನ್ನೆಯ, ಹಸಿರು ಕುಪ್ಪಸದ ಕಾಗದದ ದಾಸಿ ನಮ್ಮನ್ನು ನೋಡಿ ನಗುತ್ತಿದ್ದಳು. ಬೂನ್ ತೀಕ್ ಇನ್ನೂ ಬೀಸುತ್ತಿದ್ದ.

ಅವನ ಮುಖದ ಬಣ್ಣ ಇಳಿದದ್ದು ನೋಡಿ ನನಗೆ ನಗು ಬರಲಿಲ್ಲ. ನಿಜವಾಗಿ ಹೇಳುತ್ತೇನೆ, ಬರಲಿಲ್ಲ. ಅವನು ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿದ, ಕಾಗದದ ಕಾರಿನ ಕೆಳಗೆ ಇಣುಕಿದ. ಆಮೇಲೆ ಮನೆ ನಿಂತಿದ್ದ ಖಾಲಿ ಜಾಗದಲ್ಲಿ ಒಂದು ಪುಟ್ಟ ಚಪ್ಪಲಿ ಸಿಕ್ಕಿತು.

"ಮನೆ ಯಾರಿಗೆ?" ಎಂದ ಬೂನ್ ತೀಕ್.

"ಊಯಿ ಅಜ್ಜಿಗೆ. ಹೆದರ್ಬೇಡ್ವೋ, ಸುಡೋದು ನಾಳೆ ಸಂಜೆ."

"ಊಯಿ ಅಜ್ಜಿ ಮನೇಲಿ..." ಎಂದು ಬೂನ್ ತೀಕ್ ನನ್ನ ಮುಖ ನೋಡಿದ. ಇಡೀ ತೈಪಿಂಗಿನಲ್ಲಿ ಆ ಮಗು ಹೋಗಬಾರದಿದ್ದ ಜಾಗ ಒಂದೇ ಒಂದು. ಅಲ್ಲಿಗೆ ಅದು ಸ್ವಂತ ಮನೆಯಲ್ಲಿ ಕೂತು, ಲಾರಿಯಲ್ಲಿ ಹೊರಟಿತ್ತು. ಅಜ್ಜಿ ಅಲ್ಲೇ ಕಾಗದ ಮಡಿಚುತ್ತ ಕೂತಿದ್ದಳು.

ನನ್ನ ವ್ಯಾನು ವೇಗಕ್ಕೆ ಹೆಸರಾದದ್ದಲ್ಲ. ಆ ದಿನ ಅದಕ್ಕೂ ಜೀವ ಬಂದಿತ್ತು. ಆದರೆ ಗಡಿಯಾರದ ಗೋಪುರದ ಹತ್ತಿರ ನೀರು ನಿಂತು ಪೊಲೀಸಿನವನು ಕೈ ಅಡ್ಡ ಹಾಕಿದ. ಮಳೆಕೋಟಿನೊಳಗಿದ್ದ ಅವನಿಗೆ ಬೂನ್ ತೀಕನ ಗುರುತು ಸಿಕ್ಕಿತು. ಅವನೂ ಆ ಬಸ್ಸಿನಲ್ಲೇ ಶಾಲೆಗೆ ಹೋದವನು.

"ಏನ್ ಅಂಕಲ್, ಇಷ್ಟು ಅವಸರ?"

"ಒಂದು ಮನೆ ಈ ಕಡೆ ಹೋಯ್ತಾ? ಗುಲಾಬಿ ಬಣ್ಣ, ಮೂರಂತಸ್ತು?"

ಪೊಲೀಸಿನವನು ನನ್ನನ್ನು ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ನನ್ನ ಬಾಯಿ ಮೂಸಿದ. ಸೋಯಾ ಹಾಲಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಹೋಗಿ ಅಂಕಲ್. ಮನೆಗೆ ಹೋಗಿ," ಎಂದ ಮೆತ್ತಗೆ, ದಾರಿ ಬಿಡುತ್ತ.

"ಅದೇ ಪ್ರಯತ್ನ ಮಾಡ್ತಿದೀನಿ!" ಎಂದ ಬೂನ್ ತೀಕ್, ಅಳುವ ಧ್ವನಿಯಲ್ಲಿ.

ಊಯಿ ಅವರ ಅಂಗಳದಲ್ಲಿ ದೊಡ್ಡ ಶಾಮಿಯಾನ. ಲಾರಿ ಖಾಲಿ ನಿಂತಿತ್ತು. ಮನೆ ಆಗಲೇ ಒಳಗೆ ಹೋಗಿ ಶವಪೆಟ್ಟಿಗೆಯ ಪಕ್ಕ ಪ್ರತಿಷ್ಠಾಪನೆಯಾಗಿತ್ತು. ನಾನು ಬೂನ್ ತೀಕನಿಗೆ ಬುದ್ಧಿ ಹೇಳಿದೆ. "ಕಿರುಚಾಡಬೇಡ. ಗೈಕ್ ಲಾನ್ ಹಿಂದಿನ ಸಾಲಲ್ಲಿ ಇರ್ತಾಳೆ. ಮೆಲ್ಲಗೆ ಹೋಗು, ಕೈ ಮುಗಿ, ಮನೆ ಹಿಂದೆ ಸರಿ, ಮಗೂನ ಎತ್ಕೊಂಡು ಹೊರಗೆ ಬಾ." ಅವನು ಸರಿ ಎಂದು ಮೆಲ್ಲಗೆ ಎರಡು ಹೆಜ್ಜೆ ಇಟ್ಟ. ಮೂರನೆಯದು ಕೆಸರಿನಲ್ಲಿ ಜಾರಿತು. ಮುಖ ಅಡಿಯಾಗಿ ಬಿದ್ದ. ಮಂಡಿಯ ಚರ್ಮ ಕಿತ್ತುಹೋಯಿತು. ಏಳಲು ಆಗದೆ, ಕಾಯಲೂ ಆಗದೆ, ತಲೆಯಿಂದ ಕಾಲಿನವರೆಗೆ ಕೆಸರಾಗಿ, ಅಂಬೆಗಾಲಿಡುತ್ತ ಶಾಮಿಯಾನದೊಳಗೆ ನುಗ್ಗಿದ. ದಾರಿಯುದ್ದಕ್ಕೂ ಹಿಡಿದಿಟ್ಟ ದಿಗಿಲೆಲ್ಲ ಅಲ್ಲಿ ಒಡೆಯಿತು.

"ನಂದೇ ತಪ್ಪು!" ಎಂದು ಗೋಳಿಟ್ಟ. "ನಾನು ನೋಡ್ಕೋಬೇಕಿತ್ತು! ನೋಡ್ಕೊಳ್ಳಲಿಲ್ಲ!"

ನಮ್ಮಲ್ಲಿ ಒಂದು ಪದ್ಧತಿ ಇದೆ. ತಾಯಿಯ ಕೊನೆಗಳಿಗೆಗೆ ಬಾರದೆ ತಡವಾಗಿ ಬಂದ ಮಗ ಬಾಗಿಲಿನಿಂದಲೇ ಅಂಬೆಗಾಲಿಟ್ಟು, ಅಳುತ್ತ ಶವಪೆಟ್ಟಿಗೆಯವರೆಗೆ ಬರಬೇಕು. ಶಾಮಿಯಾನದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ವಾದ್ಯದವರು ಸಂದರ್ಭ ಅರಿತು ತಾಳ ಜೋರು ಮಾಡಿದರು.

ಅಜ್ಜಿಯ ಹಿರಿಮಗ ಚೆಂಗ್ ಚಾಯ್, ಮಗಳು ಸ್ಯೂ ಖಿಮ್, ಇಬ್ಬರೂ ಕ್ವಾಲಾಲಂಪುರದಲ್ಲಿ ನೆಲೆಸಿದವರು. ಕೆಸರಿನೊಳಗಿನ ಬೂನ್ ತೀಕನನ್ನು ಅವರು ಗುರುತಿಸುವ ಮಾತೇ ಇರಲಿಲ್ಲ.

"ಅಣ್ಣಾ," ಎಂದು ಸ್ಯೂ ಖಿಮ್ ಚೆಂಗ್ ಚಾಯನ ತೋಳು ಹಿಡಿದಳು. "ಅಮ್ಮ ಹೇಳ್ತಿದ್ದಳಲ್ಲ... ಅಕ್ಕಿ ಸಿಗದ ಕಾಲದಲ್ಲಿ ಒಬ್ಬ ಮಗನ್ನ ಯಾರಿಗೋ ಸಾಕೋಕೆ ಕೊಟ್ಟೆ ಅಂತ..."

"ಸುಮ್ನಿರು," ಎಂದ ಚೆಂಗ್ ಚಾಯ್. ಆದರೆ ಅವನ ಮುಖವೂ ಬಿಳಿಚಿತ್ತು.

ಹಿಂದಿನ ಸಾಲಿನಲ್ಲಿ ಗೈಕ್ ಲಾನ್ ಕಾಗದ ಮಡಿಚುವುದನ್ನು ನಿಲ್ಲಿಸದೆ ಪಕ್ಕದವಳಿಗೆ ಹೇಳಿದಳು: "ಪಾಪ, ಎಂಥ ಮಗ ನೋಡು. ನಮ್ಮ ಮುದುಕನೂ ಇದ್ದಾನೆ, ಅವನಮ್ಮ ಹೋದಾಗ ಇದರ ಕಾಲು ಭಾಗ ಅಳಲಿಲ್ಲ. ಆದ್ರೆ ಮಗು ನೋಡ್ಕೊಳ್ಳೋದ್ರಲ್ಲಿ ಮಾತ್ರ ಎತ್ತಿದ ಕೈ ಕಣೆ. ಇವತ್ತು ಅವನ ಮೇಲೆ ಬಿಟ್ಟು ಬಂದಿದೀನಿ, ನನಗೆ ಚಿಂತೇನೇ ಇಲ್ಲ."

ಬೂನ್ ತೀಕ್ ಶವಪೆಟ್ಟಿಗೆಯ ಹತ್ತಿರ ಬಂದ. ಸ್ಯೂ ಖಿಮ್ ಬಿಕ್ಕುತ್ತ ಊದುಬತ್ತಿ ಹಿಡಿಸಿದಳು. ಅವನು ಅಭ್ಯಾಸಬಲದಿಂದ ಮೂರು ಸಲ ಬಾಗಿ, ಊದುಬತ್ತಿ ಸಿಕ್ಕಿಸಿ, ನೇರ ಹೋಗಿ ಕಾಗದದ ಮನೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಬಿಡಿಸಲು ಹೋದವರಿಗೆ ಬಿಡಲಿಲ್ಲ.

"ನೋಡಿದ್ಯಾ?" ಎಂದು ಚೆಂಗ್ ಚಾಯ್ ಸಿಡಿದ. "ಬಂದ ಕೂಡ್ಲೇ ಮನೆಗೆ ಕೈ! ಇದು ದುಃಖ ಅಲ್ಲ, ಪಾಲು! ಏನಿದ್ರೂ ವಕೀಲರ ಹತ್ರ ಮಾತಾಡಯ್ಯಾ!"

"ನಾಚಿಕೆ ಆಗಲ್ವಾ ಅಣ್ಣಾ?" ಸ್ಯೂ ಖಿಮ್ ತಿರುಗಿಬಿದ್ದಳು. "ನಾವು ಬಂದು ಎರಡು ದಿನ ಆಯ್ತು. ಹೀಗೆ ಒಬ್ಬರಾದ್ರೂ ಅತ್ತಿದೀವಾ? ನೀನು ಫೋನಲ್ಲಿ ಕಾಫಿ ರೇಟು ಕೇಳ್ತಿದ್ದೆ!" ಎಂದವಳು ಬೂನ್ ತೀಕನ ಕೆಸರು ಬೆನ್ನನ್ನು ಬಾಚಿ ತಬ್ಬಿದಳು. "ಅಣ್ಣಾ! ಎಲ್ಲಿದ್ದೆ ಇಷ್ಟು ವರ್ಷ?"

"ಆ ಹಾಕನ ಅಂಗಡೀಲಿ," ಎಂದ ಬೂನ್ ತೀಕ್, ಪ್ರಾಮಾಣಿಕವಾಗಿ.

ನಾನು ನಡುವೆ ಬಾಯಿ ಹಾಕಿದೆ. ಯಾರೋ ನನ್ನ ಕೈಗೆ ಬಿಸಿ ಕಾಫಿ ಕೊಟ್ಟು ಕುರ್ಚಿಗೆ ತಳ್ಳಿದರು. ಅಷ್ಟು ಹೊತ್ತಿಗೆ ಪುರೋಹಿತ ಕುಂಚ ಹಿಡಿದು, ಮನೆಗೆ ಪ್ರಾಣ ಕೊಡುವ ಮಂತ್ರ ಹೇಳುತ್ತ, "ಊಯಿ ಮನೆತನದ ಹಿರಿಯಳೇ, ಇಗೋ ನಿನ್ನ ಹೊಸ ಮನೆ, ಬಾಗಿಲು ತೆರೆ!" ಎಂದು ಕೂಗಿದ.

ಬಾಗಿಲು ತೆರೆಯಿತು. ಒಳಗಿನಿಂದ.

ತಾಳ ಕೆಳಗೆ ಬಿತ್ತು. ಪುರೋಹಿತ ನಾಲ್ಕು ಹೆಜ್ಜೆ ಹಿಂದೆ ಹಾರಿ ಹಣ್ಣಿನ ಬುಟ್ಟಿಯಲ್ಲಿ ಕೂತ. ನಿದ್ದೆಯಿಂದೆದ್ದ ಕೆಂಪು ಕೆನ್ನೆ, ಒಂದೇ ಕಾಲಿಗೆ ಚಪ್ಪಲಿ, ಬಗಲಲ್ಲಿ 
ಕಾಗದದ ನಾಯಿ, ಯಾನ್‌ಯಾನ್ ಹೊಸ್ತಿಲಲ್ಲಿ ನಿಂತು ಸಭೆಯ ಮೇಲೆ ಒಮ್ಮೆ ಕಣ್ಣಾಡಿಸಿದಳು. ಇಷ್ಟೊಂದು ಜನ ತನ್ನ ಮನೆಗೆ ಬಂದದ್ದು ಅವಳಿಗೆ ಹಿಡಿಸಿತು. ಕೈ ಬೀಸಿದಳು. ಆಮೇಲೆ ಹಿಂದಿನ ಸಾಲಿನ ಕಡೆ ಬೆರಳು ಮಾಡಿ, ಸ್ಪಷ್ಟವಾಗಿ "ಆಮಾ!" ಎಂದು ಅಜ್ಜಿಯನ್ನು ಕರೆದಳು.

ಗೈಕ್ ಲಾನಳ ಮಡಿಲಿನ ಬಂಗಾರದ ಕಾಗದವೆಲ್ಲ ನೆಲಕ್ಕೆ ಸುರಿಯಿತು. ಮಂಡಿನೋವಿನ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಮಗುವನ್ನು ಎತ್ತಿಕೊಂಡು, ಕೆಸರಿನ ಮನುಷ್ಯನ ಮುಖವನ್ನು ಸೆರಗಿಲ್ಲದ ಕಾರಣ ತನ್ನ ತೋಳಿನಿಂದಲೇ ಒರೆಸಿದಳು. ಒಂದು ಸುತ್ತು ಒರೆಸಿದ ಮೇಲೆ ಗಂಡ ಹೊರಬಂದ.

"ಮುದುಕಾ," ಎಂದಳು, ಬಹಳ ಮೆಲ್ಲಗೆ. ಜೋರಾಗಿ ಹೇಳಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

"ಸಿಕ್ಕಿದ್ಳಲ್ಲ," ಎಂದ ಬೂನ್ ತೀಕ್, ಮಗುವಿನ ಬರಿಗಾಲನ್ನು ಹಿಡಿದುಕೊಂಡು. "ಕಳೀಲಿಲ್ಲ. ಸಿಕ್ಕಿದ್ಳು." ಎಂದವನು ಆ ಪುಟ್ಟ ಪಾದಕ್ಕೆ ಹಣೆ ಒತ್ತಿ ಅತ್ತ. ಈ ಸಲ ತಾಳ ಬಾರಿಸುವವರು ಯಾರೂ ಇರಲಿಲ್ಲ.

ಎಲ್ಲ ತಿಳಿಯಾದ ಮೇಲೆ ಶಾಮಿಯಾನ ನಕ್ಕಿತು. ಮೊದಲು ನಕ್ಕವನು ಚೆಂಗ್ ಚಾಯ್. ಆಸ್ತಿ ಉಳಿದ ನಗುವೂ ಅದರಲ್ಲಿ ಸ್ವಲ್ಪ ಇತ್ತು. ಸ್ಯೂ ಖಿಮ್ ನಗುತ್ತ ಅಳುತ್ತ ಮಗುವನ್ನು ಕೇಳಿ ಎತ್ತಿಕೊಂಡಳು. "ಅಮ್ಮಂಗೆ ಒಂದೇ ಆಸೆ ಇತ್ತು," ಎಂದಳು. "ಈ ಮನೇಲಿ ಒಂದು ಮರಿಮಗು ಓಡಾಡೋದು ನೋಡ್ಬೇಕು ಅಂತ. ನಮ್ಮ ಹುಡುಗರು ಒಬ್ಬರೂ ಮದುವೆ ಆಗ್ಲಿಲ್ಲ." ಮಗುವಿನ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದಳು, ಸಾವಿನ ಮನೆಯ ದೋಷ ತಟ್ಟದಿರಲಿ ಎಂದು. ಆ ಹಾಕ್ ದಾಸಿಯರಿಬ್ಬರನ್ನು ಬಗಲಲ್ಲಿಟ್ಟುಕೊಂಡು ಓಡಿಬಂದಾಗ ಯಾನ್‌ಯಾನ್ ನಾಯಿಯನ್ನು ತಾನಾಗಿಯೇ ಬಾಗಿಲಲ್ಲಿ ಕೂರಿಸಿ, ಅದರ ತಲೆ ತಟ್ಟಿ ಬಂದಿದ್ದಳು.

ಮನೆಗೆ ಬಂದ ಗೈಕ್ ಲಾನ್ ಮಗುವಿಗೆ ಹೂವಿನ ನೀರಿನಲ್ಲಿ ಸ್ನಾನ ಮಾಡಿಸಿದಳು. ಆಮೇಲೆ ಗಂಡನಿಗೆ. ಆಮೇಲೆ ಕೊಡೆಗೆ. ನನ್ನ ವ್ಯಾನಿಗೂ ಒಂದು ಚೊಂಬು ಎರಚಿದಳು. ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಹೇಳಬೇಕಾದ್ದನ್ನು ಗೋಡೆಗೆ ಹೇಳಿದಳು. "ನಾನಾಗಿ ಹೇಳಲ್ಲ. ಪೇ ಸಾನ್ ಕೇಳಿದ್ರೆ ಸುಳ್ಳೂ ಹೇಳಲ್ಲ." ಪೇ ಸಾನ್ ಕೆಲಸದಿಂದ ಬಂದು ಮಗುವನ್ನೆತ್ತಿ ಕೂದಲು ಮೂಸಿದಳು. ಹೂವಿನ ನೀರಿನ ವಾಸನೆ ಹೊಡೆಯುತ್ತಿತ್ತು. ಏನೂ ಕೇಳಲಿಲ್ಲ. ಮಗುವಿನ ಅಂಗಿಯ ಮಡಿಕೆಯಿಂದ ಏನೋ ತೆಗೆದು ಜೇಬಿಗೆ ಹಾಕಿಕೊಂಡಳು. ಬೂನ್ ತೀಕನಿಗೆ ಆ ಮೌನವೇ ತೀರ್ಪಿನಂತೆ ಕಂಡಿತು. ಅಂದು ನಿಜವಾಗಿ ಊಟ ಬಿಟ್ಟ.

ಮರುದಿನ ಸಂಜೆ ನಾವಿಬ್ಬರೂ ಊಯಿ ಅಜ್ಜಿಯ ಮನೆ ಸುಡುವಲ್ಲಿಗೆ ಹೋದೆವು. ಮಳೆ ಒಂದು ಗಳಿಗೆ ಬಿಟ್ಟಿತ್ತು. ಆ ಹಾಕ್ ಅಂಟು, ಎಣ್ಣೆಕಾಗದ ಹಿಡಿದು ಕಿಟಕಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಕೆಳಗಿನ ಕಿಟಕಿಯಲ್ಲಿ, ಕೂಸಿನ ಎತ್ತರಕ್ಕೆ ಸರಿಯಾಗಿ, ಬೆರಳು ತೂರಿದ ತೂತೊಂದಿತ್ತು.

"ಬಿಡಿ, ಮುಚ್ಚಬೇಡಿ," ಎಂದಳು ಸ್ಯೂ ಖಿಮ್. "ಮಕ್ಕಳಿರೋ ಮನೆ ಅಂತ ಅಲ್ಲಿನೋರಿಗೂ ಗೊತ್ತಾಗ್ಲಿ."

ಆ ಹಾಕ್ ಅಂಟಿನ ಡಬ್ಬ ಮುಚ್ಚಿದ. ಬೆಂಕಿ ಹಚ್ಚಿದರು. ಬೂನ್ ತೀಕ್ ಕೈ ಮುಗಿದು ನಿಂತೇ ಇದ್ದ.

ಶನಿವಾರ ಮತ್ತೆ ಮಳೆ. ಮುವಾರಿನ ಬೀಗಿತ್ತಿ ಕಾರಿನಲ್ಲಿ ಮಗುವಿನ ಸೀಟು ಕಟ್ಟಿಸಿಕೊಂಡೇ ಬಂದಿಳಿದಳು. ಚಹಾ ಬಂತು. ಅವಳು ಲೋಟವನ್ನು ಮುಟ್ಟುವ ಮೊದಲೇ ವಿಷಯಕ್ಕೆ ಬಂದಳು.

"ಗುರುವಾರ ಬೀಗರ ಪರೀಕ್ಷೆ ಇತ್ತಂತೆ? ಈ ಮಳೇಲಿ ಮಗೂನ ಎಲ್ಲಿ ಕರ್ಕೊಂಡು ಹೋಗಿದ್ರಿ?"

ಬೂನ್ ತೀಕ್ ಲೋಟ ಎತ್ತಿ ಮುಖಕ್ಕೆ ಮರೆಮಾಡಿಕೊಂಡ. ಸುಳ್ಳು ಹೇಳುವುದಿಲ್ಲ ಎಂದು ಗೋಡೆಗೆ ಪ್ರಮಾಣ ಮಾಡಿದ್ದ ಗೈಕ್ ಲಾನ್ ಎದ್ದು ನಿಂತಳು.

"ಪರಿಚಯದೋರ ಮನೆಗೆ," ಎಂದಳು. "ಮೂರಂತಸ್ತು. ಬಾಗಿಲಲ್ಲಿ ನಾಯಿ, ಒಳಗೆ ಕೆಲಸದೋರು. ಮಗು ಅಲ್ಲೇ ಆಡಿ ಅಲ್ಲೇ ಮಲಗಿತ್ತು. ಒಂದು ಹನಿ ಮಳೆ ತಾಗ್ಲಿಲ್ಲ."

"ಹೌದಾ? ಅಂಥೋರ ಪರಿಚಯ ನಮಗೂ ಮಾಡಿಸಿ. ಒಂದ್ಸಲ ಹೋಗಿ ಬರೋಣ."

"ಇನ್ನು ಆಗಲ್ಲ. ನಿನ್ನೆ ಸಂಜೆ ಊರು ಬಿಟ್ಟರು. ಮನೆ ಸಮೇತ."

ಪೇ ಸಾನ್ ಇದ್ದಕ್ಕಿದ್ದಂತೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜೇಬಿನಿಂದ ಒಂದು ಚೂರು ಗುಲಾಬಿ ಕಾಗದ ತೆಗೆದು ಅಪ್ಪನ ಅಂಗೈಯಲ್ಲಿಟ್ಟು, ಬೆರಳು ಮಡಿಚಿದಳು.

"ಅತ್ತೆ, ಯಾನ್‌ಯಾನ್ ಇಲ್ಲೇ ಇರ್ಲಿ," ಎಂದಳು. "ಪಾ ನೋಡ್ಕೊಳ್ತಾನೆ." ಮತ್ತೆ ಅಪ್ಪನ ಕಡೆ ತಿರುಗಿ, ಚಿಕ್ಕ ಹುಡುಗಿಯ ಧ್ವನಿಯಲ್ಲಿ ಕೇಳಿದಳು: "ಪಾ, ಆ ಹಾಕ್ ಅಂಕಲ್ ಈಗ್ಲೂ ಕಾಗದದ ಪಲ್ಲಕ್ಕಿ ಮಾಡ್ತಾರಾ? ಮಳೆ ಬಂದಾಗೆಲ್ಲ ನಾನು ಒಳಗೆ ಕೂರ್ತಿದ್ನಲ್ಲ, ನೀನು ಹೊರಗಿಂದ ಗಾಳಿ ಬೀಸ್ತಿದ್ದೆ?"

ಚಮಚ ಬಿದ್ದ ಸದ್ದು ನನಗೆ ಕೇಳಿತು.

"ಪಲ್ಲಕ್ಕಿ?" ಎಂದಳು ಗೈಕ್ ಲಾನ್. "ಯಾವ ಪಲ್ಲಕ್ಕಿ? ನಿನ್ನನ್ನೂನಾ? ಮುದುಕಾ, ಯಾವ ಪಲ್ಲಕ್ಕಿ?"

ಮುದುಕ ಅಷ್ಟರಲ್ಲಿ ಮೊಮ್ಮಗಳನ್ನು ಬಗಲಿಗೇರಿಸಿಕೊಂಡು ನನ್ನ ಅಂಗಡಿಯಲ್ಲಿದ್ದ. ಒಂದು ದೊಡ್ಡ ಲೋಟ, ಒಂದು ಚಿಕ್ಕ ಲೋಟ ಸೋಯಾ ಹಾಲು ಹೇಳಿದ. ಮುಖದಲ್ಲಿ ಮಳೆಯೋ ಕಣ್ಣೀರೋ, ನಾನು ವಿಚಾರಿಸಲಿಲ್ಲ. ಷರಟಿನ ಜೇಬಿನಿಂದ ಎರಡು ಜೊತೆ ಹೊಸ ಕಾಲುಚೀಲ ತೆಗೆದು ಮೇಜಿನ ಮೇಲಿಟ್ಟ. ಒಂದು ಅಂಗೈಯಷ್ಟು, ಇನ್ನೊಂದು ಅವನ ಪಾದದಷ್ಟು, ಎರಡರ ಅಡಿಗೂ ರಬ್ಬರ್ ಚುಕ್ಕೆ.

"ಮುಂದಿನ ಗುರುವಾರಕ್ಕೆ," ಎಂದ.

ಒಳಗೆ ಗೈಕ್ ಲಾನ್ ಇನ್ನೂ ಪಲ್ಲಕ್ಕಿಯ ವಿಚಾರಣೆ ನಡೆಸುತ್ತಲೇ ಇದ್ದಳು. ಯಾನ್‌ಯಾನ್ ದೊಡ್ಡ ಕಾಲುಚೀಲವನ್ನು ತಲೆಗೆ ಹಾಕಿಕೊಂಡು, ಮಳೆಗೆ ಕೈ ಬೀಸಿದಳು.